ಆ ಐದು ಅಂಕದ ಲೆಕ್ಕ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ.

ಪದವಿ ತರಗತಿಗಳಲ್ಲಿ ಕಾಲೇಜಿನವರೇ ಕೊಡುವ ಇಂಟರ್ನಲ್ ಅಂಕಗಳನ್ನೇ ತೆಗೆದುಹಾಕಬೇಕು, ಪೂರ್ತಿ 100 ಅಂಕಕ್ಕೂ ಪರೀಕ್ಷೆಯನ್ನೇ ಮಾಡಬೇಕು ಎಂದು ಪೋಷಕರೊಬ್ಬರು ಹೋದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ಹೇಳುವ ದಾರಿಯಲ್ಲಿ ಹೋದರೆ ನಮ್ಮ ಹಳ್ಳಿ ಮಕ್ಕಳಿಗೆ ಕಷ್ಟ ಇನ್ನೂ ಜಾಸ್ತಿಯಾಗುತ್ತದೆ. ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ಸೆಮಿಸ್ಟರ್ ಇಂಟರ್ನಲ್ ಅಂಕ ಹಾಕುವವಳು ನಾನೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಜಾಗ ಮಾಡಿಕೊಡಿ.

ಮೊದಲು ವ್ಯವಸ್ಥೆ ಹೇಗಿದೆ ಎಂದು ಹೇಳಿಬಿಡುತ್ತೇನೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂದಾಗ ಒಂದು ಪೇಪರಿನಲ್ಲಿ 60 ಅಂಕ ಪರೀಕ್ಷೆಗೆ, 40 ಅಂಕ ಇಂಟರ್ನಲ್‌ಗೆ ಎಂದಾಯಿತು. ಟೆಸ್ಟು, ಸೆಮಿನಾರ್, ಅಸೈನ್‌ಮೆಂಟ್ ಎಲ್ಲ ಸೇರಿ ಆ 40. 2024-25ರಲ್ಲಿ ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ಮೂರು ವರ್ಷದ ಪದವಿ ಮತ್ತೆ ಬಂತು. ಅಂಕದ ಹಂಚಿಕೆ 80 ಮತ್ತು 20 ಆಯಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಲೆಕ್ಕವೇ ಬೇರೆ. ಅಲ್ಲಿ ಅರ್ಧಕ್ಕೆ ಅರ್ಧ, ಅಂದರೆ 50 ಅಂಕ, ಕಾಲೇಜಿನ ಒಳಗೇ ತೀರ್ಮಾನವಾಗುತ್ತದೆ.

ಟೆಸ್ಟಿನ ಅಂಕದ ಬಗ್ಗೆ ಯಾರಿಗೂ ದೊಡ್ಡ ತಕರಾರಿಲ್ಲ. ಉತ್ತರ ಬರೆದ ಹಾಳೆ ಕೈಯಲ್ಲಿರುತ್ತದೆ. ಅಸೈನ್‌ಮೆಂಟ್ ಕೂಡ ಹಾಗೇ. ಜಗಳ ಇರುವುದು ಉಳಿದ ಐದು ಅಂಕದಲ್ಲಿ. ಒಂದೊಂದು ಕಾಲೇಜಿನಲ್ಲಿ ಅದಕ್ಕೆ ಒಂದೊಂದು ಹೆಸರು. ಕೆಲವರು ಅಟೆಂಡೆನ್ಸ್ ಎನ್ನುತ್ತಾರೆ, ಕೆಲವರು ಕ್ಲಾಸ್ ಪಾರ್ಟಿಸಿಪೇಷನ್, ಅಂದರೆ ತರಗತಿಯಲ್ಲಿ ಭಾಗವಹಿಸುವುದು ಎನ್ನುತ್ತಾರೆ, ಇನ್ನು ಕೆಲವರು ಸೆಮಿನಾರ್ ಜೊತೆಗೆ ಸೇರಿಸಿ ಹಾಕುತ್ತಾರೆ. ಆ ಐದು ಅಂಕ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಹೇಳಲು ಬರುವುದಿಲ್ಲ. ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ನನ್ನ ತಂಗಿಯ ಮಗ ದೊಡ್ಡ ಊರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಅಕೌಂಟ್ಸ್ ಲೆಕ್ಕ ಚೆನ್ನಾಗಿ ಮಾಡುತ್ತಾನೆ. ಒಂದು ದಿನವೂ ತರಗತಿ ತಪ್ಪಿಸುವ ಹುಡುಗನಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದ ಪಾರ್ಟಿಸಿಪೇಷನ್‌ಗೆ ಐದಕ್ಕೆ ಒಂದು ಅಂಕ ಬಂತು. ಹೋಗಿ ಕೇಳಿದ. ‘ನೀನು ಕ್ಲಾಸಿನಲ್ಲಿ ಬಾಯೇ ಬಿಡಲ್ವಲ್ಲಪ್ಪ’ ಎಂಬ ಉತ್ತರ ಬಂತು. ಬಾಯಿ ಬಿಟ್ಟರೆ ಅಂಕ ಬರುತ್ತದೆ ಎನ್ನುವುದು ಅವನಿಗೆ ಗೊತ್ತಾದದ್ದು ಅಂಕ ಹೋದ ಮೇಲೆ. ಅದೂ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಕಣದಲ್ಲಿ ರಾಶಿ ಅಳೆದು ಮುಗಿದ ಮೇಲೆ ಕೊಳಗ ಯಾವುದು ಎಂದು ಹೇಳಿದ ಹಾಗಾಯಿತು ಇದು.

ಆ ಅಧ್ಯಾಪಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಪ್ಪತ್ತು ಎಂಬತ್ತು ಮಕ್ಕಳು ಕೂತಿರುವ ಕೋಣೆಯಲ್ಲಿ ಮೇಷ್ಟ್ರ ಕಿವಿಗೆ ಬೀಳುವುದು ಮುಂದಿನ ಎರಡು ಬೆಂಚಿನ ದನಿ ಮಾತ್ರ. ಅದೇ ನಾಲ್ಕೈದು ಮಕ್ಕಳು ಕೈ ಎತ್ತುತ್ತಾರೆ, ಅದೇ ನಾಲ್ಕೈದು ಹೆಸರು ನೆನಪಿನಲ್ಲಿ ಉಳಿಯುತ್ತವೆ. ಸೆಮಿಸ್ಟರ್ ಕೊನೆಗೆ ಪಟ್ಟಿ ಮುಂದಿಟ್ಟುಕೊಂಡು ಕೂತಾಗ ನೆನಪಾದವರಿಗೆ ಐದು, ಮುಖ ಮಾತ್ರ ನೆನಪಾದವರಿಗೆ ಮೂರು, ಯಾರೆಂದೇ ಹೊಳೆಯದವರಿಗೆ ಒಂದೋ ಎರಡೋ. ನೆನಪಿನಿಂದ ಅಂಕ ಹಾಕಿದರೆ ಹೀಗೇ ಆಗುವುದು. ಆ ಮುಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ ಎನ್ನುವುದನ್ನೂ ಸ್ವಲ್ಪ ನೋಡಬೇಕು. ಮನೆಯಲ್ಲಿ ಓದಿದವರಿರುವ ಮಕ್ಕಳು, ಪೇಟೆಯ ಮಕ್ಕಳು, ಅಪ್ಪ ಅಮ್ಮನ ಎದುರು ಮಾತಾಡಿ ಅಭ್ಯಾಸವಿರುವ ಮಕ್ಕಳು. ‘ದೊಡ್ಡವರು ಮಾತಾಡುವಾಗ ಸುಮ್ನಿರು’ ಎಂದು ಕೇಳಿಕೊಂಡೇ ಬೆಳೆದ ಹುಡುಗಿ ಕಾಲೇಜಿಗೆ ಬಂದ ಮೊದಲ ತಿಂಗಳೇ ಎದ್ದು ನಿಂತು ವಾದ ಮಾಡಬೇಕು ಎಂದರೆ ಹೇಗೆ?

ಐದು ಅಂಕ ತಾನೇ ಎನ್ನಬೇಡಿ. ಲೆಕ್ಕ ಹಾಕಿ ನೋಡೋಣ. ಪ್ರತಿ ಪೇಪರಿನಲ್ಲೂ ಐದಕ್ಕೆ ಒಂದು ಬಂದು ನಾಲ್ಕು ಹೋದರೆ ಒಟ್ಟು ಶೇಕಡಾವಾರಿನಲ್ಲಿ ಪೂರ್ತಿ ನಾಲ್ಕು ಕಡಿಮೆಯಾಗುತ್ತದೆ. 52 ಇರಬೇಕಾದದ್ದು 48 ಆಗುತ್ತದೆ. ಬಿ.ಎಡ್. ಸೇರಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 50 ಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಬಹಳ ಜನ ಬಿ.ಎಡ್. ಮಾಡಿ ಟೀಚರ್ ಆಗಬೇಕು ಎಂದುಕೊಂಡೇ ಬಿ.ಎ.ಗೆ ಬರುತ್ತಾರೆ. 48 ಮತ್ತು 50ರ ನಡುವೆ ಅವರ ಮುಂದಿನ ದಾರಿಯೇ ಇದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅನ್ಯಾಯವಾಯಿತು ಅನ್ನಿಸಿದರೆ ಮಕ್ಕಳಿಗೆ ದಾರಿ ಇದೆ. ಉತ್ತರ ಪತ್ರಿಕೆಯ ಜೆರಾಕ್ಸ್ ತೆಗೆಸಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನ ಅಡಿ ವಿದ್ಯಾರ್ಥಿಯ ಹಕ್ಕು ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಪಾರ್ಟಿಸಿಪೇಷನ್ ಅಂಕಕ್ಕೆ ಯಾವ ಜೆರಾಕ್ಸ್ ತೆಗೆಸುವುದು? ಅಲ್ಲಿ ಹಾಳೆಯೇ ಇಲ್ಲ. ವಿಶ್ವವಿದ್ಯಾಲಯಕ್ಕೆ ಅಂಕ ಕಳಿಸುವ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅಂಕ ಹತ್ತಿಸಿದ ಮೇಲೆ ಅದು ಅಲ್ಲಿಗೆ ಮುಗಿಯಿತು. ದೊಡ್ಡ ಪರೀಕ್ಷೆಯಲ್ಲಿ ಉತ್ತರ ನೋಡುವವರಿಗೆ ಮಗುವಿನ ಹೆಸರು ಗೊತ್ತಿರಬಾರದು ಎಂದು ಅಷ್ಟೆಲ್ಲ ಎಚ್ಚರ ವಹಿಸುತ್ತೇವೆ. ಇಲ್ಲಿ ಹೆಸರು, ಊರು, ಜಾತಿ, ಯಾರ ಮಗ ಎಲ್ಲವೂ ಗೊತ್ತಿರುವವರೇ, ಕಾರಣ ಬರೆಯದೆ ಅಂಕ ಕೊಡುತ್ತಾರೆ.

ಈ ಆತಂಕ ಹೊಸದೇನಲ್ಲ, ನಮ್ಮ ರಾಜ್ಯಕ್ಕಂತೂ ಅಲ್ಲವೇ ಅಲ್ಲ. ಆಗಿನ ಮೈಸೂರು ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಂದರ್ಶನ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ ಹೀಗೆ ನೋಡಿ ಅಂಕ ಹಾಕುತ್ತಿದ್ದರು. ಚಿತ್ರಲೇಖಾ ಎಂಬುವವರ ಆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಬಂದ ತೀರ್ಪು ಸಂದರ್ಶನದ ಪದ್ಧತಿಯನ್ನು ಒಪ್ಪಿಕೊಂಡಿತು. ಆದರೆ 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ಕೋರ್ಟು ಬೇರೆ ರೀತಿ ಯೋಚಿಸಿತು. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬರವಣಿಗೆಯ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿದ್ದರು. ಎರಡು ಮೂರು ನಿಮಿಷ ಕೂರಿಸಿ ಅಪ್ಪ ಏನು ಮಾಡುತ್ತಾರೆ, ಮನೆ ಎಲ್ಲಿ ಎಂದು ಕೇಳಿ ಕಳಿಸಿದ್ದರು ಎಂಬುದು ವಿದ್ಯಾರ್ಥಿಗಳ ದೂರು. ಇಂಥ ಸಂದರ್ಶನಕ್ಕೆ ಒಟ್ಟು ಅಂಕದ ಶೇ 15ಕ್ಕಿಂತ ಹೆಚ್ಚು ಇಡಬಾರದು ಎಂದು ಕೋರ್ಟು ಹೇಳಿತು. ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡಿದರೆ ಒಳ್ಳೆಯದು ಎಂದೂ ಹೇಳಿತು. ಇವೆರಡೂ ಸೀಟಿನ ಮೊಕದ್ದಮೆಗಳು, ಇಂಟರ್ನಲ್ ಅಂಕದ್ದಲ್ಲ. ಆದರೂ ಆ ಟೇಪ್ ರೆಕಾರ್ಡರಿನ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಮುಖ ನೋಡಿ, ಮಾತು ಕೇಳಿ ಅಂಕ ಹಾಕುವುದಾದರೆ ಆಮೇಲೆ ತೆಗೆದು ನೋಡಲು ಏನಾದರೊಂದು ದಾಖಲೆ ಇರಬೇಕು. ಇಷ್ಟು ವರ್ಷ ಕಳೆದರೂ ನಮ್ಮ ಎಷ್ಟೋ ತರಗತಿಗಳಲ್ಲಿ ಆ ದಾಖಲೆ ಇಲ್ಲ.

ಇದಕ್ಕೆ ಪೂರ್ತಿ ಎದುರು ಇನ್ನೊಂದು ಅಭ್ಯಾಸವಿದೆ. ರಗಳೆಯೇ ಬೇಡ ಎಂದು ಎಲ್ಲರಿಗೂ 18, 19 ಹಾಕಿ ಕಳಿಸಿಬಿಡುವುದು. ಮಕ್ಕಳಿಗೆ ಖುಷಿ, ಪೋಷಕರಿಗೆ ಖುಷಿ, ಕಾಲೇಜಿನ ಫಲಿತಾಂಶಕ್ಕೂ ಒಳ್ಳೆಯದು. ಇದನ್ನು ಉದಾರತೆ ಎಂದು ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ಸೆಮಿನಾರಿಗೆಂದು ಎರಡು ರಾತ್ರಿ ನಿದ್ದೆಗೆಟ್ಟು ಗ್ರಂಥಾಲಯದ ಪುಸ್ತಕದಿಂದ ಬರೆದುಕೊಂಡು ಬಂದ ಹುಡುಗನಿಗೂ 19, ಸೆಮಿನಾರಿನ ದಿನ ಬಾರದೇ ಇದ್ದವನಿಗೂ 19. ಆ ಮೊದಲನೆಯ ಹುಡುಗ ಮುಂದಿನ ಸಲ ಯಾಕೆ ಓದಿಕೊಂಡು ಬರಬೇಕು? ಒಂದು ಕಾಲೇಜು ಎಲ್ಲರಿಗೂ 19 ಹಾಕಿ, ಪಕ್ಕದ ತಾಲ್ಲೂಕಿನ ಕಾಲೇಜು ನೋಡಿ ಅಳೆದು 12 ಹಾಕಿದರೆ ಎಂ.ಎ. ಸೀಟಿನ ಮೆರಿಟ್ ಪಟ್ಟಿಯಲ್ಲಿ ಏಟು ಬೀಳುವುದು ಎರಡನೆಯ ಕಾಲೇಜಿನ ಮಕ್ಕಳಿಗೇ.

ಇಷ್ಟೆಲ್ಲ ಇದ್ದ ಮೇಲೆ ಇಂಟರ್ನಲ್ಲೇ ಬೇಡ ಎನ್ನಬಾರದೇಕೆ ಎಂದು ಆ ಪೋಷಕರು ಕೇಳಬಹುದು. ಪೂರ್ತಿ 100 ಅಂಕ ಕೊನೆಯ ಮೂರು ಗಂಟೆಗೆ ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತಿದೆ. ಮಕ್ಕಳು ತಿಂಗಳುಗಟ್ಟಲೆ ಪುಸ್ತಕ ಮುಟ್ಟುವುದಿಲ್ಲ. ಕೊನೆಯ ಹದಿನೈದು ದಿನ ಗೈಡು ಹಿಡಿಯುತ್ತಾರೆ. ನಮ್ಮ ಕಡೆ ಈರುಳ್ಳಿ ಕೀಳುವ ಸಮಯಕ್ಕೆ ಪರೀಕ್ಷೆ ಬಂದರೆ ಮನೆಯವರ ಜೊತೆ ಹೊಲದಲ್ಲಿರುವ ಮಕ್ಕಳಿಗೆ ಆ ಹದಿನೈದು ದಿನವೂ ಸಿಗುವುದಿಲ್ಲ. ಸೆಮಿಸ್ಟರ್ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಗಳಿಸಿಟ್ಟ ಅಂಕ ಅಂಥವರಿಗೆ ದೊಡ್ಡ ಆಸರೆ. ಅದನ್ನು ಕಿತ್ತುಕೊಳ್ಳುವುದು ಬೇಡ.

ಇನ್ನೊಂದು ಕಾರಣ ಪರೀಕ್ಷೆಯ ಹಾಳೆಗೆ ಸಿಗದ ಕಲಿಕೆ. ಪಂಚಾಯತ್ ರಾಜ್ ಪಾಠ ನಮಗೆ ಪ್ರತಿ ವರ್ಷ ಬರುತ್ತದೆ. ಸಂವಿಧಾನದ 73ನೇ ತಿದ್ದುಪಡಿ, 1993ರ ನಮ್ಮ ರಾಜ್ಯದ ಕಾಯ್ದೆ, ಅದಕ್ಕೂ ಮೊದಲು 1980ರ ದಶಕದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಮಾಡಿದ ಕೆಲಸ. ಇದೆಲ್ಲ ಗೈಡಿನಲ್ಲಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎಂಬುದೂ ಇದೆ. ನಾನು ಮಕ್ಕಳಿಗೆ ಅವರವರ ಊರಿನ ಗ್ರಾಮಸಭೆಗೆ ಹೋಗಿ ಕೂತು, ನೋಡಿದ್ದನ್ನು ಎರಡು ಪುಟ ಬರೆದು ತನ್ನಿ ಎಂದು ಹೇಳುತ್ತೇನೆ. ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಪಂಚಾಯಿತಿಯಲ್ಲಿ ನೀರುಗಂಟಿ. ತರಗತಿಯಲ್ಲಿ ಅವಳ ದನಿ ಕೇಳಿದವರಿಲ್ಲ. ಅವಳು ಬರೆದು ತಂದ ಹಾಳೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಭೆಗೆ ಎಷ್ಟು ಜನ ಬಂದಿದ್ದರು, ರಿಜಿಸ್ಟರಿನಲ್ಲಿ ಎಷ್ಟು ಸಹಿ ಇತ್ತು, ಮಹಿಳಾ ಸದಸ್ಯರ ಬದಲು ಯಾರು ಉತ್ತರ ಕೊಡುತ್ತಿದ್ದರು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡುತ್ತಾರೆ, ಯಾವ ಬೀದಿಯವರು ಮಾತಾಡದೇ ಎದ್ದು ಹೋದರು, ಎಲ್ಲ ಇತ್ತು ಅದರಲ್ಲಿ. ಎದ್ದು ನಿಂತು ಚೆನ್ನಾಗಿ ಮಾತಾಡುವ ನಮ್ಮ ಮುಂದಿನ ಬೆಂಚಿನವರು ಯಾರೂ ಅಷ್ಟನ್ನು ನೋಡಿರಲಿಲ್ಲ. ಪಾರ್ಟಿಸಿಪೇಷನ್ ಎಂದರೆ ಮಾತು ಮಾತ್ರ ಎಂದು ನಾನು ಅಂದುಕೊಂಡಿದ್ದರೆ ಆ ಹುಡುಗಿಗೆ ಐದಕ್ಕೆ ಒಂದು ಬರುತ್ತಿತ್ತು.

ಹಾಗಾಗಿ ನಮ್ಮ ವಿಭಾಗದಲ್ಲಿ ನಾವೇ ಒಂದು ಕ್ರಮ ಮಾಡಿಕೊಂಡಿದ್ದೇವೆ. ಸೆಮಿಸ್ಟರಿನ ಮೊದಲ ವಾರವೇ ಒಂದು ಪುಟದ ಹಾಳೆ ಕೊಡುತ್ತೇವೆ, ಕನ್ನಡದಲ್ಲಿ. ಐದು ಅಂಕ ಹೇಗೆ ಗಳಿಸಬಹುದು ಎಂದು ಅದರಲ್ಲಿ ಬರೆದಿರುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳುವುದು, ಉತ್ತರಿಸುವುದು ಒಂದು ದಾರಿ. ಪಾಠ ಮುಗಿಯುವ ಮೊದಲು ಐದು ನಿಮಿಷ ಅರ್ಧ ಹಾಳೆಯಲ್ಲಿ ಇವತ್ತು ಏನು ಅರ್ಥವಾಯಿತು, ಏನು ಆಗಲಿಲ್ಲ ಎಂದು ಬರೆದು ಕೊಡುವುದು ಇನ್ನೊಂದು. ಗ್ರಾಮಸಭೆಯ ವರದಿಯಂಥ ಕೆಲಸ ಮತ್ತೊಂದು. ಪಕ್ಕದಲ್ಲಿ ಕೂತವರ ಜೊತೆ ಚರ್ಚೆ ಮಾಡಿ, ಇಬ್ಬರ ಪರವಾಗಿ ಒಬ್ಬರು ಹೇಳಿದರೂ ಇಬ್ಬರಿಗೂ ಅಂಕ. ಮಾತಾಡಿಸುವುದೇ ಆದರೆ ಯಾರ ಸರದಿ ಎಂದು ಹಿಂದಿನ ವಾರವೇ ಹೇಳುತ್ತೇವೆ, ಪ್ರಶ್ನೆಯನ್ನೂ ಹೇಳುತ್ತೇವೆ. ಸಿದ್ಧವಾಗಿ ಬಂದರೆ ಮಾತಾಡದ ಮಕ್ಕಳೂ ಮಾತಾಡುತ್ತಾರೆ. ಮೊದಲ ಸಲ ಕೈ ನಡುಗುತ್ತಿರುತ್ತದೆ, ಮೂರನೆಯ ಸಲ ನಮ್ಮನ್ನೇ ಪ್ರಶ್ನೆ ಕೇಳುತ್ತಾರೆ.

ಆ ಅರ್ಧ ಹಾಳೆಗಳಿಂದ ನಮಗೂ ಲಾಭವಿದೆ. ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಇರುವ ವ್ಯತ್ಯಾಸ ಅರ್ಧ ತರಗತಿಗೆ ತಿಳಿದಿಲ್ಲ ಎಂದು ಅದೇ ದಿನ ಗೊತ್ತಾಗುತ್ತದೆ. ಮಾರನೆಯ ದಿನ ಮತ್ತೆ ಹೇಳಿಕೊಡಬಹುದು. ಪರೀಕ್ಷೆಯಲ್ಲಿ ಗೊತ್ತಾದರೆ ಏನು ಪ್ರಯೋಜನ?

ತಿಂಗಳಿಗೊಮ್ಮೆ ರಿಜಿಸ್ಟರ್ ನಂಬರಿನ ಕೊನೆಯ ಅಂಕಿಗಳನ್ನು ಮಾತ್ರ ಹಾಕಿ ಪಟ್ಟಿ ಅಂಟಿಸುತ್ತೇವೆ. ತಕರಾರಿದ್ದವರು ಒಂದು ವಾರದೊಳಗೆ ಬಂದು ಕೇಳಬಹುದು. ಅವರ ಹಾಳೆಗಳು ನಮ್ಮ ಬೀರುವಿನಲ್ಲೇ ಇರುತ್ತವೆ, ತೆಗೆದು ತೋರಿಸುತ್ತೇವೆ. ಯುಯುಸಿಎಂಎಸ್‌ಗೆ ಹತ್ತಿಸುವ ಮೊದಲು ಪ್ರತಿಯೊಬ್ಬರೂ ತಮ್ಮ 20 ಅಂಕದ ಹಂಚಿಕೆ ನೋಡಿ ಸಹಿ ಹಾಕುತ್ತಾರೆ. ಇದರಿಂದ ಜಗಳ ಹೆಚ್ಚುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸಿದ್ದರು. ಆಗಿದ್ದು ಬೇರೆ. ಅಂಕ ಯಾಕೆ ಕಡಿಮೆ ಎಂದು ಕೇಳಲು ಬರುವವರು, ಮುಂದಿನ ತಿಂಗಳು ಏನು ಮಾಡಿದರೆ ಸರಿಹೋಗುತ್ತದೆ ಮೇಡಂ ಎಂದು ಕೇಳಿ ಹೋಗುತ್ತಾರೆ.

ಅಟೆಂಡೆನ್ಸ್ ವಿಷಯ ಬೇರೆಯೇ ಇಡಬೇಕು. ಪರೀಕ್ಷೆಗೆ ಕೂರಲು ಹಾಜರಾತಿ ನಿಯಮ ಇದ್ದೇ ಇದೆ, ಸಾಮಾನ್ಯವಾಗಿ ಶೇ 75. ವಿಟಿಯುನಲ್ಲಿ ಶೇ 85. ಅದನ್ನೇ ಮತ್ತೆ ಅಂಕವಾಗಿಯೂ ಲೆಕ್ಕ ಹಿಡಿದರೆ ಒಂದೇ ಕಾರಣಕ್ಕೆ ಎರಡು ಸಲ ಏಟು. ನಮ್ಮ ಕೆಲವು ಹಳ್ಳಿಗಳಿಗೆ ಬೆಳಿಗ್ಗೆ ಬರುವುದು ಒಂದೇ ಬಸ್ಸು. ಅದು ಕಾಲೇಜಿನ ಹತ್ತಿರ ಬರುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಆಗಿರುತ್ತದೆ. ಆ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಮೊದಲ ಪೀರಿಯಡ್ಡಿನ ವಿಷಯದಲ್ಲಿ ಮಾತ್ರ ಅಂಕ ಕಡಿಮೆ ಎಂದರೆ ನಾವು ಅಳೆಯುತ್ತಿರುವುದು ಅವರ ಓದನ್ನಲ್ಲ, ಬಸ್ಸಿನ ಟೈಮನ್ನು.

ಕೆಲಸದ ಹೊರೆಯ ಮಾತು ನಿಜ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಾನೂರಕ್ಕೂ ಹೆಚ್ಚು. ಅಲ್ಲಿ ಪಾಠದ ಬಹುಪಾಲು ನಡೆಯುವುದು ಅತಿಥಿ ಉಪನ್ಯಾಸಕರಿಂದ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ವಾರಗಟ್ಟಲೆ ಮುಷ್ಕರ ಕೂತದ್ದು ಎಲ್ಲರಿಗೂ ನೆನಪಿದೆ. ಸೆಮಿಸ್ಟರ್ ಶುರುವಾಗಿ ಎಷ್ಟೋ ದಿನವಾದರೂ ಅವರ ನೇಮಕದ ಪಟ್ಟಿ ಬಂದಿರುವುದಿಲ್ಲ. ಮೊದಲ ವಾರ ಮಕ್ಕಳಿಗೆ ಹಾಳೆ ಕೊಡಿ ಎಂದರೆ, ಕೊಡಲು ಮೇಷ್ಟ್ರೇ ಇಲ್ಲದ ತರಗತಿಗಳಿವೆ. ಇದು ಸರಿಹೋಗದೆ ನಾನು ಹೇಳುವುದು ಎಲ್ಲ ಕಡೆ ನಡೆಯುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಹಾಳೆ ಒಂದೇ ಪುಟದ್ದು. ಅದನ್ನು ವಿಶ್ವವಿದ್ಯಾಲಯವೇ ಪಠ್ಯಕ್ರಮದ ಜೊತೆ ಅಚ್ಚು ಮಾಡಿ ಕೊಟ್ಟರೆ ಮೇಷ್ಟ್ರು ತಡವಾಗಿ ಬಂದರೂ ಮಕ್ಕಳ ಕೈಯಲ್ಲಿ ಅದು ಇರುತ್ತದೆ.

ವಿಶ್ವವಿದ್ಯಾಲಯಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಪಾರ್ಟಿಸಿಪೇಷನ್ ಅಂಕ ಇಡುವುದಾದರೆ ಅದು ಯಾವುದಕ್ಕೆ ಎಂದು ಸೆಮಿಸ್ಟರ್ ಶುರುವಿನಲ್ಲೇ ಬರೆದು ಕೊಡಿ. ಕನ್ನಡದಲ್ಲಿ ಮಾತಾಡಿದರೂ, ಕಾಗದದಲ್ಲಿ ಬರೆದು ಕೊಟ್ಟರೂ ಅದಕ್ಕೆ ಅಷ್ಟೇ ಬೆಲೆ ಇದೆ ಎಂದು ಸುತ್ತೋಲೆಯಲ್ಲಿ ಸೇರಿಸಿ. ಅಂಕ ಹತ್ತಿಸುವ ಮೊದಲು ವಿದ್ಯಾರ್ಥಿಗೆ ತೋರಿಸುವುದನ್ನು ಕಡ್ಡಾಯ ಮಾಡಿ, ತಕರಾರು ಕೇಳಲು ಕಾಲೇಜಿನಲ್ಲಿ ಇಬ್ಬರು ಮೂವರು ಅಧ್ಯಾಪಕರ ಸಮಿತಿ ಇರಲಿ. ಅಂಕ ಕೊಟ್ಟವರೇ ಆ ಸಮಿತಿಯಲ್ಲಿ ಕೂರಬಾರದು.

ಪೋಷಕರಲ್ಲೂ ಒಂದು ಮಾತು. ಫಲಿತಾಂಶ ಬಂದ ಮೇಲೆ ಕಾಲೇಜಿಗೆ ಬರುವುದಕ್ಕಿಂತ ಮೊದಲ ತಿಂಗಳಲ್ಲೇ ಬನ್ನಿ. ಇಂಟರ್ನಲ್ ಅಂಕವನ್ನು ಹೇಗೆ ಕೊಡುತ್ತೀರಿ ಎಂದು ಕೇಳಿ. ಕೇಳಿದರೆ ಮಗುವಿಗೆ ತೊಂದರೆಯಾಗುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಆ ಹೆದರಿಕೆ ಇರುವ ಕಡೆ ಒಬ್ಬರೇ ಬರಬೇಡಿ, ನಾಲ್ಕು ಜನ ಸೇರಿ ಬನ್ನಿ.

ನಮ್ಮ ವಿಭಾಗದ ಆ ಒಂದು ಪುಟವನ್ನು ಈ ಪತ್ರದ ಜೊತೆ ಇಟ್ಟು ಕಳಿಸಿದ್ದೇನೆ. ಬೇಕೆಂದು ಕೇಳುವ ಅಧ್ಯಾಪಕರಿಗೆ ದಯವಿಟ್ಟು ಅದನ್ನು ತಲುಪಿಸಿ. ಇತಿಹಾಸ, ಅರ್ಥಶಾಸ್ತ್ರದವರು ಗ್ರಾಮಸಭೆಯ ಜಾಗದಲ್ಲಿ ಊರಿನ ಶಾಸನವನ್ನೋ ವಾರದ ಸಂತೆಯನ್ನೋ ಹಾಕಿಕೊಳ್ಳಬಹುದು. ಉಳಿದದ್ದು ಹಾಗೇ ಹೊಂದುತ್ತದೆ.

ಇತಿ,
ರಾಜ್ಯಶಾಸ್ತ್ರ ಉಪನ್ಯಾಸಕಿ,
ಚಿತ್ರದುರ್ಗ ಜಿಲ್ಲೆ